ಏಳನೇ ಸೀಟಿನ ತಾಯಿ

ಉಗಾರ ಖುರ್ದದ ಹೊಳೆದಂಡೆಯಲ್ಲಿ ಪಂಪು ಇಟ್ಟುಕೊಂಡ ರೈತರಿಗೆಲ್ಲ ಸಕ್ಕುಬಾಯಿ ಎಂದರೆ ಒಂದು ನಮೂನೆಯ ಅಂಜಿಕೆ ಇತ್ತು. ಹೆಂಗಸು ಐದಡಿಯೂ ಇಲ್ಲ, ದನಿ ಮಾತ್ರ ಸಕ್ಕರೆ ಕಾರ್ಖಾನೆಯ ಭೋಂಗಾಕ್ಕೆ ಸವಾಲು ಹಾಕುವಂಥದು. ಅವಳ ಗಂಡ ಲಗಮಪ್ಪ ಕೃಷ್ಣೆಯ ತಳಕ್ಕಿಳಿದು ಪಂಪಿನ ಫುಟ್‌ವಾಲ್ ಬಿಡಿಸುವವನು. ನೀರೆಳೆಯುವ ಪೈಪಿನ ಕೆಳತುದಿಗೆ ಜಾಳಿಗೆ ಹಾಕಿದ ಬಾಯೊಂದು ಇರುತ್ತದಲ್ಲ, ಅದೇ ಫುಟ್‌ವಾಲ್. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಜೇಕು, ಹರಕು ಚೀಲ, ಉಸುಕು ಮೆತ್ತಿಕೊಂಡು ಪಂಪು ಬರೀ ಗಾಳಿ ಕುಡಿಯತೊಡಗುತ್ತದೆ. ಆಗ ಲಗಮಪ್ಪನಿಗೆ ಕರೆ ಬರುತ್ತಿತ್ತು. ಅವನು ಮುಳುಗುತ್ತಿದ್ದ, ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ದಂಡೆಯ ಮೇಲೆ ಹಿಡಿದು ಉಸಿರು ಎಣಿಸುವವಳು ಸಕ್ಕುಬಾಯಿ. ಇಪ್ಪತ್ತೈದು ವರ್ಷ ಎಣಿಸಿದಳು. ಒಂದೇ ಒಂದು ಸಲವೂ ಎಣಿಕೆ ತಪ್ಪಲಿಲ್ಲ.

ಹಗ್ಗ ಹಿಡಿಯುವ ಮೊದಲು ಅವಳದೊಂದು ಹಟವಿತ್ತು. ಪಂಪಿನ ಮಾಲಕ ದೂರದಿಂದಲೇ "ಬಂದ್ ಮಾಡೀನಿ, ಇಳೀಲಿ" ಎಂದು ಕೂಗಿದರೆ ಸಾಲದು. "ನಿಮ್ಮ ಮಾತು ನನಗ ಬ್ಯಾಡ್ರಿ. ಮೂರೂ ಫ್ಯೂಜ್ ಕಿತ್ತು ನನ್ನ ಕೈಯಾಗ ಕೊಡ್ರಿ" ಎನ್ನುತ್ತಿದ್ದಳು. ಕೊಟ್ಟ ಫ್ಯೂಜುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು, ಗಂಡ ಮೇಲೆ ಬಂದು ದಂಡೆಯಲ್ಲಿ ಕೂತು ಎರಡು ಗುಟುಕು ಚಹಾ ಕುಡಿಯುವ ತನಕ ಆ ಗಂಟು ಬಿಚ್ಚುತ್ತಿರಲಿಲ್ಲ. ದೊಡ್ಡ ಕಬ್ಬಿನ ಕುಳ ಕಾಕಾಸಾಹೇಬ ಒಮ್ಮೆ ಮುಖ ಗಂಟಿಕ್ಕಿ, "ಏನ ಬಾಯಿ, ನಾ ಸುಳ್ಳ ಹೇಳ್ತೀನೇನ?" ಎಂದು ಕೇಳಿದ.

"ನೀವು ಖರೇನ ಹೇಳ್ತೀರ್ರಿ ಸಾಹುಕಾರ್ರ. ಆದ್ರ ನಿಮ್ಮ ಶೆಡ್ಡಿನ್ಯಾಗ ಒಬ್ಬ ಆಳು ಅದಾನಲ್ಲ, ಅಂವಗ ನಿಮ್ಮ ಖರೇ ಕೇಳಿಸಿರೂದಿಲ್ಲ" ಎಂದಳು ಇವಳು.

ಅವಳ ಭಾವ ಗಂಗಾರಾಮ ಮೂರು ಬೆರಳು ಕಳೆದುಕೊಂಡದ್ದು ಹಾಗೆಯೇ. ಮಾಲಕ ಪಂಪು ಬಂದ್ ಮಾಡಿದ್ದ, ಗೊತ್ತಿಲ್ಲದ ಆಳು ಚಾಲೂ ಮಾಡಿದ. ಇಬ್ಬರೂ ಒಳ್ಳೆಯವರೇ. ಬೆರಳು ಮಾತ್ರ ಹೋದವು.

ಇಂಥ ಮನೆಯಲ್ಲಿ ಹುಟ್ಟಿದವನು ವಿಕ್ರಾಂತ. ನಡೆಯುವುದಕ್ಕಿಂತ ಮೊದಲು ಈಜಿದ ಎಂದು ಅವನ ಅಜ್ಜಿ ಹೇಳುತ್ತಿದ್ದಳು, ಅಜ್ಜಿಯರ ಮಾತಿನಲ್ಲಿ ಅರ್ಧ ಕಳೆದರೂ ಉಳಿದರ್ಧ ನಿಜ. ಹತ್ತು ವರ್ಷದವನಿದ್ದಾಗ ಸೊಂಟಕ್ಕೆ ಲಾರಿಯ ಟ್ಯೂಬು ಹಾಕಿಕೊಂಡು ಹೊಳೆಯ ಘಾಟಿನ ಮೆಟ್ಟಿಲಿಗೆ ಕಟ್ಟಿದ್ದ ನಾವೆಯ ಕೆಳಗೆ ನುಗ್ಗಿದ. ಟ್ಯೂಬು ಅವನನ್ನು ಮೇಲಕ್ಕೆ ಒತ್ತಿ ನಾವೆಯ ಅಡಿಗೆ ಅಂಟಿಸಿಬಿಟ್ಟಿತು. ಮೇಲೆ ಏಳಲು ಮರದ ಹಲಗೆ, ಕೆಳಗೆ ಹೋಗಲು ಟ್ಯೂಬು ಬಿಡದು. ಲಗಮಪ್ಪ ಹಾರಿ, ಟ್ಯೂಬಿಗೆ ಚಾಕು ಹಾಕಿ ಎಳೆದು ತಂದ. ಕೆಮ್ಮಿ ನೀರು ಕಾರುತ್ತಿದ್ದ ಹುಡುಗನಿಗೆ ಸಕ್ಕುಬಾಯಿ ಮೊದಲು ಎರಡು ಬಾರಿಸಿದಳು, ಆಮೇಲೆ ಅಪ್ಪಿಕೊಂಡಳು, ಆಮೇಲೆ ಪಾಠ ಹೇಳಿದಳು: "ತಲೀ ಮ್ಯಾಲ ಮಾಳಿಗಿ ಇದ್ದಲ್ಲಿ ಗಾಳಿ ಕಟಗೊಂಡ ಹೋಗಬ್ಯಾಡ. ಮೊದಲ ಅಡ್ಡ ಹೊರಗ ಬಾ, ಆಮ್ಯಾಲ ಮ್ಯಾಲ ಏಳು. ಹೇಳು, ಏನಂದೆ?" ಅವನು ನೂರು ಸಲ ಹೇಳಿದ. ಆಮೇಲೆ ತನ್ನ ತಂಗಿ ನೀಲಮಳಿಗೆ ಈಜು ಕಲಿಸುವಾಗ ಅವಳಿಂದಲೂ ನೂರು ಸಲ ಹೇಳಿಸಿದ.

ಚಿಕ್ಕೋಡಿಯಲ್ಲಿ ಐಟಿಐ ಓದಿ ವೆಲ್ಡಿಂಗ್ ಕಲಿತ ವಿಕ್ರಾಂತನಿಗೆ 2004ರಲ್ಲಿ ನಿಪ್ಪಾಣಿಯ ಗುತ್ತಿಗೆದಾರನೊಬ್ಬನ ಮೂಲಕ ಮುಂಬೈ ಸಮುದ್ರದ ಎಣ್ಣೆ ಬಾವಿಯ ಕಟ್ಟೆಯ ಮೇಲೆ ಕೆಲಸ ಸಿಕ್ಕಿತು. ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಊರು ಅದು. ಹದಿನಾಲ್ಕು ದಿನ ಅಲ್ಲಿ, ಹದಿನಾಲ್ಕು ದಿನ ಇಲ್ಲಿ. ಹೋಗಿಬರುವುದು ಹೆಲಿಕಾಪ್ಟರಿನಲ್ಲಿ. ಮೊದಲ ಸಲ ಹಾರಿದ ದಿನ ಫೋನು ಮಾಡಿ, "ಆಯಿ, ಭಾಳ ಸೇಫ್ ಐತಿ. ನಮ್ಮ ಅಥಣಿ ಬಸ್ಸಿಗಿಂತ ಸೇಫ್ ಅಂತ ಹೇಳ್ಯಾರ" ಎಂದ.

"ಯಾರ ಹೇಳ್ಯಾರ?"

"ಕಂಪನಿಯವರು."

"ಕಂಪನಿಯವರಿಗೆ ಹೆಸರಿಲ್ಲೇನ? ಬಿಚ್ಚಿ ನೋಡಿದಂವ ಯಾರು?"

ವಿಕ್ರಾಂತ ನಕ್ಕ. ಅವ್ವ ಹೆಲಿಕಾಪ್ಟರಿನ ಫ್ಯೂಜು ಕೇಳುತ್ತಿದ್ದಾಳೆ ಎಂದು ಗೆಳೆಯರಿಗೆ ಹೇಳಿ ಅವರನ್ನೂ ನಗಿಸಿದ. ನಗಲಿ ಬಿಡಿ, ನಗುವ ವಯಸ್ಸು.

2006ರ ಆಗಸ್ಟಿನಲ್ಲಿ, ಕಟ್ಟೆಯಿಂದ ದಂಡೆಗೆ ಮರಳುತ್ತಿದ್ದ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಹನ್ನೊಂದು ಜನರಿದ್ದರು. ಮುಂದಿದ್ದ ಇಬ್ಬರು ಪೈಲಟ್‌ಗಳು ಹೊರಬಂದರು. ಹಿಂದೆ ಕೂತಿದ್ದ ಒಂಬತ್ತು ಜನ ಬರಲಿಲ್ಲ. ನೀರಿಗೆ ಬಿದ್ದರೆ ಪಕ್ಕದ ಗಾಳಿಚೀಲಗಳು ಬಿಚ್ಚಿಕೊಂಡು ಹೆಲಿಕಾಪ್ಟರನ್ನು ತೇಲಿಸುತ್ತವೆ ಎಂದು ವಿಕ್ರಾಂತ ಮನೆಯಲ್ಲಿ ಕೈಯಾಡಿಸಿ ತೋರಿಸಿದ್ದ. ಅದು ತೇಲಲಿಲ್ಲ. ಬೋರಲು ಬಿದ್ದು ಮುಳುಗಿತು.

ಮೂರನೆಯ ದಿನ ಪೆಟ್ಟಿಗೆ ಬಂತು. ಮುಖ ನೋಡಬೇಡಿ ಎಂದು ಗಾಡಿಯವನು ಕೈಮುಗಿದ. ಸಕ್ಕುಬಾಯಿ ಮುಖ ನೋಡಲಿಲ್ಲ, ಬಲಗೈ ಹಿಡಿದಳು. ಮೂರು ಉಗುರು ಬುಡಮಟ ಕಿತ್ತುಹೋಗಿದ್ದವು. ಸಮುದ್ರದಲ್ಲಿ ಮೀನು ತಿಂದಿರಬೇಕು ಎಂದು ಯಾರೋ ಅಂದರು. ನೀರಿನ ಹೆಣ ಎಷ್ಟೋ ನೋಡಿದವಳು ಅವಳು, ಮೀನು ಉಗುರು ತಿನ್ನುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಂದು ಗೊತ್ತಿದ್ದದ್ದೆಲ್ಲ ಮಂಜಾಗಿತ್ತು. ಬುದ್ಧವಂದನೆ ಹೇಳಿ ಮಣ್ಣು ಮಾಡಿ ಬಂದರು. ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋದ ಪಕ್ಕದಲ್ಲಿ ವಿಕ್ರಾಂತನ ಐಟಿಐ ಫೋಟೋ ಏರಿತು.

ಪೆಟ್ಟಿಗೆಯ ಜೊತೆ ಆಸ್ಪತ್ರೆಯವರು ಕಟ್ಟಿ ಕಳಿಸಿದ ಒಂದು ಚೀಲ ಬಂದಿತ್ತು. ಅದರಲ್ಲಿ ಅವನ ಬೆಲ್ಟು, ಒಂದು ಬೂಟು, ಮತ್ತೆ ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಒಂದು ಮಡಿಕೆ ಚೀಲ. ಒಳಗೆ ಜೀವರಕ್ಷಕ ಜಾಕೀಟು, ಮಡಿಚಿದ ಹಾಗೇ ಇತ್ತು. ಹೊರಗೆ ಕೆಂಪು ಹುರಿ ಜೋತು ಬಿದ್ದಿತ್ತು. ಅದನ್ನು ಯಾರೂ ಮರಳಿ ಕೇಳಲಿಲ್ಲ. ಕಂಪನಿಯಿಂದ ಒಂದು ಪತ್ರ ಮಾತ್ರ ಬಂತು, ಯಂತ್ರ ಎಲ್ಲ ರೀತಿಯಲ್ಲೂ ಸುಸ್ಥಿತಿಯಲ್ಲಿತ್ತು, ದುರ್ದೈವದ ಘಟನೆಗೆ ವಿಷಾದಿಸುತ್ತೇವೆ ಎಂದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಊರಲ್ಲಿ ಸಾಕಷ್ಟಿದ್ದರು. "ಹಣೇಬರಹ ಸಕ್ಕೂ, ಮಿಶನ್ನದ ತಪ್ಪಲ್ಲ" ಎಂದು ಅವರೆಲ್ಲ ಸಮಾಧಾನ ಹೇಳಿದರು. ಅವಳೂ ಸುಮ್ಮನಾದಳು.

ಇನ್ನು ಆ ಮನೆಯವರು ಮಾಡಿದ ತಪ್ಪು ಕೇಳಿ. ಅದನ್ನು ಆ ಮನೆಯವರಷ್ಟೇ ಮಾಡಬಲ್ಲರು. ನೀರಿನ ಕೆಲಸದ ಸಾಮಾನು ಮೊಳೆಗೆ ತೂಗಿಹಾಕಿ ಸುಮ್ಮನೆ ಇಡಬಾರದು ಎಂಬುದು ಮುಳುಗುವವರ ಮನೆಯ ನೇಮ. ಸತ್ತವರ ಹಗ್ಗವಾದರೂ ಸರಿ, ಇನ್ನೊಬ್ಬರ ಸೊಂಟಕ್ಕೆ ಹೋಗಬೇಕು, ಇಲ್ಲದಿದ್ದರೆ ಹೊಳೆ ಸಿಟ್ಟಾಗುತ್ತದೆ. ವರ್ಷ ತುಂಬುವ ಮುಂಚೆ, 2007ರ ಬೇಸಿಗೆಯಲ್ಲಿ, ಲಗಮಪ್ಪ ಆ ಜಾಕೀಟನ್ನು ಘಾಟಿಗೆ ಒಯ್ದು ಹದಿನಾಲ್ಕರ ನೀಲಮಳಿಗೆ ತೊಡಿಸಿದ. ಹುಡುಗಿ ಕೆಂಪು ಹುರಿ ಏನೆಂದು ನೋಡಲು ಜಗ್ಗಿದಳು. ಬುಸ್ ಎಂದು ಸದ್ದಾಗಿ ಜಾಕೀಟು ಒಂದೇ ಉಸಿರಿಗೆ ಉಬ್ಬಿ ಅವಳ ಗಲ್ಲ ಮೇಲಕ್ಕೆತ್ತಿತು. ಅವಳು ಚೀರಿದಳು, ಅರಿವೆ ಒಗೆಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಗ ಸತ್ತ ಮೇಲೆ ಮೊದಲ ಸಲ ಸಕ್ಕುಬಾಯಿಯೂ ನಕ್ಕಳು. ನಕ್ಕದ್ದಕ್ಕೆ ಆಮೇಲೆ ಮನೆಗೆ ಬಂದು ಅತ್ತಳು. ಗಾಳಿ ಬಿಟ್ಟು ಒಣಗಿಸಿ ಜಾಕೀಟನ್ನು ಟ್ರಂಕಿನಲ್ಲಿ ಇಟ್ಟಳು.

ಪ್ರತಿ ವರ್ಷ ಆಗಸ್ಟಿನಲ್ಲಿ ಹೆಲಿಕಾಪ್ಟರ್ ಕಂಪನಿಯವರು ಮುಂಬೈಯಲ್ಲಿ ಸ್ಮರಣೆಯ ಸಭೆ ಮಾಡಿ ಸತ್ತವರ ಮನೆಯವರಿಗೆ ಶಾಲು ಹೊದಿಸುತ್ತಿದ್ದರು. ಕರೆಯೋಲೆ ಬರುತ್ತಿತ್ತು. ಆ ಸಮುದ್ರದ ಗಾಳಿ ನನಗೆ ಬೇಡ ಎಂದು ಸಕ್ಕುಬಾಯಿ ಒಂದು ಸಲವೂ ಹೋಗಲಿಲ್ಲ. ಶಾಲು ಟಪಾಲಿನಲ್ಲಿ ಬರುತ್ತಿತ್ತು, ಅದನ್ನು ಎಮ್ಮೆಯ ಕರುವಿಗೆ ಹೊದಿಸುತ್ತಿದ್ದಳು.

ಹೀಗೇ ಏಳು ವರ್ಷವಾಯಿತು. 2013ರ ಜುಲೈಯಲ್ಲಿ ಕಬ್ಬೂರಿನ ಭರತ ಮನೆಗೆ ಬಂದ. ವಿಕ್ರಾಂತನ ಜೊತೆ ಐಟಿಐ ಓದಿದವನು, ಇಷ್ಟು ದಿನ ದುಬೈಯಲ್ಲಿದ್ದು ಈಗ ಅದೇ ಎಣ್ಣೆ ಕಟ್ಟೆಗೆ ಸೇರಲು ಹೊರಟಿದ್ದ. ಹಾರುವ ಮೊದಲು ನೀರಲ್ಲಿ ಮುಳುಗಿದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ ಆಗಬೇಕು, ಅದನ್ನು ಮುಗಿಸಿ ಬಂದಿದ್ದ. ಚಹಾದ ಬಟ್ಟಲು ಕೆಳಗಿಟ್ಟ, ಎತ್ತಿದ, ಮತ್ತೆ ಕೆಳಗಿಟ್ಟ.

"ಕಾಕೂ, ನಿಮಗ ಹೇಳಲೋ ಬ್ಯಾಡೋ ಗೊತ್ತಾಗವಲ್ದು. ಅಲ್ಲಿ ತರಬೇತಿಯೊಳಗ ನಮ್ಮ ವಿಕ್ರಾಂತನ್ನ ತೋರಸ್ತಾರ. ಹಿಂಗ ಮಾಡಬಾರದು ಅಂತ ತೋರಸ್ತಾರ."

"ಹೆಂಗ ಮಾಡಬಾರದು?"

ಭರತ ಚೀಲದಿಂದ ಒಂದು ಪುಸ್ತಕ ತೆಗೆದ. ತರಬೇತಿಗೆ ಬಂದವರಿಗೆಲ್ಲ ಕೊಡುವ ಪುಸ್ತಕ. ಅದರಲ್ಲಿ ಒಂದು ಪುಟ ಬಿಡಿಸಿ, ಇಂಗ್ಲಿಷನ್ನು ಕನ್ನಡಕ್ಕೆ ತಿರುವುತ್ತ ಓದಿದ. ಹೆಸರಿರಲಿಲ್ಲ. "ಏಳನೇ ಸೀಟಿನ ಪ್ರಯಾಣಿಕ" ಎಂದಷ್ಟೇ ಇತ್ತು. ಆ ಸೀಟು ವಿಕ್ರಾಂತನದೆಂದು ಕಟ್ಟೆಯ ಮೇಲೆ ಅವನ ಜೊತೆ ದುಡಿದವನೊಬ್ಬ ಭರತನಿಗೆ ಹೇಳಿದ್ದ. ಬಾಗಿಲ ಪಕ್ಕದಲ್ಲಿದ್ದ ಏಳನೇ ಸೀಟಿನ ಪ್ರಯಾಣಿಕ ಗಾಬರಿಯಾಗಿ ಒಳಗಿದ್ದಾಗಲೇ ಜಾಕೀಟು ಉಬ್ಬಿಸಿಕೊಂಡ. ಉಬ್ಬಿದ ಜಾಕೀಟಿನಿಂದಾಗಿ ಬಾಗಿಲಲ್ಲಿ ಅಡ್ಡ ಸಿಕ್ಕಿಬಿದ್ದ. ಹೀಗಾಗಿ ಉಳಿದ ಎಂಟು ಜನ ಹೊರಬರಲಾಗದೆ ಸತ್ತರು. ಗಾಳಿಚೀಲಗಳೂ ಬಾಗಿಲೂ ಸರಿಯಾಗಿ ಕೆಲಸ ಮಾಡಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ: ಜಾಕೀಟು ನಂಬರ್ 417, ಉಬ್ಬಿದ ಸ್ಥಿತಿಯಲ್ಲಿ ಸಿಕ್ಕಿತು, ತಪಾಸಣೆಯ ನಂತರ ಸುಡಲಾಯಿತು.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ತೇಲಲಾರದ ಯಂತ್ರದವರು ತಪ್ಪನ್ನು ಸತ್ತವನ ಮೇಲೆ ಹಾಕಿದ್ದರು, ಅದೂ ಒಂದಲ್ಲ, ಎಂಟು ಹೆಣ. ಮುಳುಗಿ ಮುಳುಗಿ ಕಿವಿ ಮಂದವಾಗಿದ್ದ ಲಗಮಪ್ಪ, "ಏನಂತ, ಏನಂತ?" ಎಂದು ಕೇಳುತ್ತಲೇ ಇದ್ದ. ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ನಮ್ಮ ಹುಡುಗ ಮಾಳಿಗಿ ಕೆಳಗ ಟೂಬ್ ಕಟಗೊಂಡಾನಂತ!"

ಮುದುಕ ಗಟ್ಟಿಯಾಗಿ, "ಸುಳ್ಳ ಮಕ್ಕಳು" ಎಂದ. ಅವನಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

"ಭರತಾ, ಒಂದ ಮಾತ ಹೇಳು. ಆ ಹುರಿ ಒಮ್ಮೆ ಜಗ್ಗಿದ ಮ್ಯಾಲ ಮತ್ತ ಜಗ್ಗಿದ್ರ ಉಬ್ಬತೈತೇನ?"

"ಇಲ್ಲ ಕಾಕೂ. ಒಳಗ ಗ್ಯಾಸಿನ ಸಣ್ಣ ನಳಿಗಿ ಇರತೈತಿ. ಒಮ್ಮೆ ಖಾಲಿ ಆತಂದ್ರ ಮುಗೀತು."

ಸಕ್ಕುಬಾಯಿ ಎದ್ದು ಟ್ರಂಕು ತೆಗೆದು ಜಾಕೀಟನ್ನು ಅವನ ತೊಡೆಯ ಮೇಲೆ ಎಸೆದಳು. ಪಟ್ಟಿಯ ಒಳಬದಿಯಲ್ಲಿ ಹೊಲಿದ ಬಿಳಿ ಬಟ್ಟೆಯ ಮೇಲೆ ನಂಬರಿತ್ತು. ಭರತ ಓದಿದ, ಪುಸ್ತಕ ನೋಡಿದ, ಮತ್ತೆ ಓದಿದ. 417.

ಆಗ ಅವಳಿಗೆ ಘಾಟಿನ ಆ ದಿನ ನೆನಪಾಯಿತು. ಮಡಿಚಿದ ಹಾಗೇ ಬಂದ ಜಾಕೀಟು ಮಗನ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿತ್ತು. ಆ ಸಾಕ್ಷಿಯನ್ನು ಘಾಟಿನಲ್ಲಿ ಬುಸ್ ಅನ್ನಿಸಿ ಖಾಲಿ ಮಾಡಿದವರು ತಾವೇ. ನಕ್ಕಿದ್ದಳು ಬೇರೆ. "ನನ್ನ ಕೈಯಾರೆ ನನ್ನ ಮಗನ ಬಾಯಿ ಮುಚ್ಚಿದ್ನಲ್ಲೋ" ಎಂದು ಹಣೆ ಚಚ್ಚಿಕೊಂಡಳು. ಅಡುಗೆಮನೆಯಿಂದ ಬಂದ ನೀಲಮ ಬಿಳಿಚಿಕೊಂಡು ನಿಂತಳು. ಭರತ ಸಮಾಧಾನ ಮಾಡಲು ನೋಡಿದ. ಅವಳು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಅದರಾಗ ಕಡೀಕೆ ಏನ ಬರದಾರಂದಿ? ಮತ್ತೊಮ್ಮೆ ಓದು."

"ತಪಾಸಣೆಯ ನಂತರ ಸುಡಲಾಯಿತು."

"ಹಂಗಾದ್ರ ಈ ಸಲ ನಾ ಮುಂಬೈಗೆ ಬರತೀನಿ" ಎಂದಳು.

ಉಗಾರ ಸ್ಟೇಶನ್ನಿನಲ್ಲಿ ಹತ್ತಿ, ಮೀರಜದಲ್ಲಿ ಗಾಡಿ ಬದಲಿಸಿ ಭರತನ ಜೊತೆ ಹೋದಳು. ಜಾಕೀಟು ಜೋಳದ ಭಕ್ಕರಿಯ ಗಂಟಿನ ಕೆಳಗೆ, ಕೈಚೀಲದಲ್ಲಿ. ಸಭೆಯ ಹಾಲಿನಲ್ಲಿ ತಣ್ಣನೆಯ ಗಾಳಿ, ಒಂಬತ್ತು ಫೋಟೋ, ಒಂಬತ್ತು ಹಾರ, ಮೇಜಿನ ಮೇಲೆ ಮಡಿಚಿಟ್ಟ ಶಾಲುಗಳು. ಮನೆಯವರು ಎಲ್ಲೆಲ್ಲಿಂದಲೋ ಬಂದಿದ್ದರು. ಸಕ್ಕುಬಾಯಿ ಒಬ್ಬ ನಲವತ್ತರ ಹೆಂಗಸಿನ ಪಕ್ಕ ಕೂತಳು. ರತ್ನಾಗಿರಿ ಕಡೆಯವಳು, ಶುಭಾಂಗಿ ಎಂದು ಹೆಸರು. ಇಬ್ಬರೂ ಮರಾಠಿಯಲ್ಲಿ ಮಾತಾಡಿಕೊಂಡರು. ಮರಾಠಿ ಸಕ್ಕುಬಾಯಿಗೆ ಕನ್ನಡದಷ್ಟೇ ಸಲೀಸು. ಅಂದು ಅಲ್ಲಿ ಆಡಿದ ಮಾತೆಲ್ಲ ಮರಾಠಿಯೇ. ಊರಿಗೆ ಬಂದು ಅವಳು ತನ್ನ ಮಾತನ್ನು ನಮ್ಮ ಭಾಷೆಯಲ್ಲಿ ಹೇಳಿದಂತೆಯೇ ಇಲ್ಲಿದೆ.

"ನಮ್ಮವರದು ಎಂಟನೇ ಸೀಟು" ಎಂದಳು ಶುಭಾಂಗಿ. "ನಿಮ್ಮದು?"

"ನನ್ನ ಮಗಂದು ಏಳನೇದು."

ಶುಭಾಂಗಿಯ ಮುಖ ಕಲ್ಲಾಯಿತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಏಳು ವರ್ಷ ನೀವು ಯಾಕೆ ಬರಲಿಲ್ಲ ಅಂತ ಈಗ ತಿಳಿಯಿತು. ಯಾವ ಮುಖ ಇಟ್ಟುಕೊಂಡು ಬರುತ್ತೀರಿ? ನಿಮ್ಮ ಮಗ ಬಾಗಿಲು ಬಿಟ್ಟು ಸರಿದಿದ್ದರೆ ನನ್ನ ಗಂಡ ಇವತ್ತು ಮನೆಯಲ್ಲಿರುತ್ತಿದ್ದ." ಹೇಳಿ ಎರಡು ಸಾಲು ಮುಂದೆ ಹೋಗಿ ಕೂತಳು. ಹಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ವರ್ಷ ವರ್ಷವೂ ಈ ಹಾಲಿನಲ್ಲಿ ಆ ಪುಟ ಓದುತ್ತಿದ್ದರು ಎಂಬುದು ಸಕ್ಕುಬಾಯಿಗೆ ಆಗ ತಿಳಿಯಿತು. ತಾನು ಊರಲ್ಲಿ ಕರುವಿಗೆ ಶಾಲು ಹೊದಿಸುತ್ತಿದ್ದಾಗ ಇಲ್ಲಿ ಎಂಟು ಮನೆಯವರು ಅವಳ ಮಗನಿಗೆ ಶಾಪ ಹಾಕುತ್ತಿದ್ದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು, ಮೊದಲು ತನ್ನ ಮೇಲೆಯೇ.

ಸುರಕ್ಷತೆಯ ಸಾಹೇಬ ವೇದಿಕೆಗೆ ಬಂದ. ಒಳ್ಳೆಯ ಇಸ್ತ್ರಿ, ಒಳ್ಳೆಯ ದನಿ. ಅಗಲಿದವರಿಗೆ ಎರಡು ನಿಮಿಷ ಮೌನವಾಯಿತು, ಆಮೇಲೆ ಹೊಗಳಿಕೆ ಶುರುವಾಯಿತು, ಸತ್ತವರದಲ್ಲ, ಹೆಲಿಕಾಪ್ಟರಿನದು. "ನಮ್ಮ ಹೆಲಿಕಾಪ್ಟರುಗಳು ರಸ್ತೆಯ ಮೇಲಿನ ಕಾರಿಗಿಂತ ಸುರಕ್ಷಿತ. ಅಂದಿನ ಯಂತ್ರದಲ್ಲೂ ಒಂದೇ ಒಂದು ದೋಷವಿರಲಿಲ್ಲ. ಗಾಳಿಚೀಲ, ಬಾಗಿಲು, ಎಲ್ಲವನ್ನೂ ಕೂಲಂಕಷವಾಗಿ ತಪಾಸಣೆ ಮಾಡಿ ದಾಖಲಿಸಿದ್ದೇವೆ. ಒಬ್ಬರ ಗಾಬರಿ ಎಷ್ಟು ಜೀವಕ್ಕೆ ಎರವಾಯಿತು ಎಂಬುದು ನಮಗೆಲ್ಲ ಪಾಠ."

"ನಂದೊಂದ ಮಾತ ಐತ್ರಿ ಸಾಹೇಬ" ಎಂದು ಸಕ್ಕುಬಾಯಿ ಎದ್ದಳು. ಮೈಕು ಕೊಡಲು ಒಬ್ಬ ಓಡಿಬಂದ, ಅವಳು ಬೇಡ ಎಂದು ಕೈಮಾಡಿದಳು. ಆ ದನಿಗೆ ಮೈಕು ಯಾಕೆ? "ನಾ ಏಳನೇ ಸೀಟಿನ ತಾಯಿ. ನನ್ನ ಮಗನ ಜಾಕೀಟ್ ನೀವು ನೋಡಿರೇನ್ರಿ?"

ಸಾಹೇಬ ಮೆತ್ತಗಾದ. "ಮಾವಶಿ, ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ."

"ನನ್ನ ತಪ್ಪ ಕೇಳಲಿಲ್ರಿ. ಜಾಕೀಟ್ ನೋಡಿರೇನಂತ ಕೇಳಿದೆ."

"ನಮ್ಮ ತಪಾಸಣಾಧಿಕಾರಿಗಳು ನೋಡಿದ್ದಾರೆ. ಇಬ್ಬರು ಸಹಿ ಮಾಡಿದ್ದಾರೆ."

"ಏನಂತ ಸಹಿ ಮಾಡ್ಯಾರ? ಓದ್ರಿ, ಎಲ್ಲಾರೂ ಕೇಳಲಿ."

ಸಾಹೇಬ ಕಡತ ತರಿಸಿ ಓದಿದ. "417. ಉಬ್ಬಿದ ಸ್ಥಿತಿಯಲ್ಲಿ ಸಿಕ್ಕಿತು. ತಪಾಸಣೆಯ ನಂತರ ಸುಡಲಾಯಿತು."

"ಸುಟ್ಟಾರ? ಖರೇ?"

"ದಾಖಲೆಯಲ್ಲಿದೆ ಮಾವಶಿ. ನಮ್ಮ ದಾಖಲೆ ತಪ್ಪಾಗುವುದಿಲ್ಲ."

ಸಕ್ಕುಬಾಯಿ ಭಕ್ಕರಿಯ ಗಂಟನ್ನು ಕುರ್ಚಿಯ ಮೇಲಿಟ್ಟು, ಚೀಲದ ತಳದಿಂದ ಕಿತ್ತಳೆ ಜಾಕೀಟು ಹೊರತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "ಹಂಗಾದ್ರ ಇದು ಏನ್ರಿ? ಬೂದಿ ಏನ?"

ಭರತ ಪಟ್ಟಿಯ ಮೇಲಿನ ನಂಬರನ್ನು ಮುಂದಿನ ಸಾಲಿನವರಿಗೆ ತೋರಿಸುತ್ತ ಹೋದ. ಸಾಹೇಬ ವೇದಿಕೆಯಿಂದ ಇಳಿದು ಬಂದು ಜಾಕೀಟು ಮುಟ್ಟಿ ನೋಡಿದ, ನಂಬರ್ ನೋಡಿದ, ಗ್ಯಾಸಿನ ನಳಿಗೆ ನೋಡಿದ. ನಳಿಗೆ ನೋಡಿದ ಮೇಲೆ ಅವನ ದನಿ ಸ್ವಲ್ಪ ಚೇತರಿಸಿಕೊಂಡಿತು. "ಇದು ಖಾಲಿಯಾಗಿದೆ. ಅಂದರೆ ಉಬ್ಬಿಸಲಾಗಿತ್ತು ಎಂದೇ ಆಯಿತಲ್ಲ."

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಕೆಲಸ ಸಲೀಸಾಗುತ್ತಿತ್ತು. ಸಕ್ಕುಬಾಯಿ ಹೇಳಲಿಲ್ಲ.

"ಉಬ್ಬಿಸಿದಾಕಿ ನನ್ನ ಮಗಳು. ಸಮುದ್ರದಾಗ ಅಲ್ಲ, ನಮ್ಮೂರ ಘಾಟಿನ್ಯಾಗ, ಅಂವ ಸತ್ತು ಒಂಬತ್ತ ತಿಂಗಳಾದ ಮ್ಯಾಲ. ಅರವಿ ಒಗ್ಯಾಕ ಬಂದ ಹೆಣ್ಣಮಕ್ಕಳೆಲ್ಲ ನೋಡ್ಯಾರ, ಕರಸ್ರಿ ಬರತಾರ. ನಮಗ ತಿಳೀದ ಮಾಡಿದ್ವಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು. ನಾ ಅದನ್ನ ನಂಬ್ರಿ ಅಂತ ಕೇಳಾಕ ಬಂದಿಲ್ಲ. ಸುಟ್ಟೀವಿ ಅಂತ ಇಬ್ಬರ ಸಹಿ ಐತಿ. ಸುಟ್ಟಿಲ್ಲ. ಅಂದ್ರ ನೋಡಿಲ್ಲ. ನೋಡದ ಬರದಾರ. ಇಷ್ಟ ಹೌದೋ ಅಲ್ಲೋ?"

ಸಾಹೇಬ ಕಡತ ಮುಚ್ಚಿದ.

"ಅದ ಕಡತದಾಗ ಬಾಗಲಾ ಸರಿ ಇತ್ತು ಅಂತ ಬರದೀರಿ. ಗಾಳಿಚೀಲ ಬಿಚ್ಚಿದ್ವು ಅಂತ ಬರದೀರಿ. ಜಾಕೀಟ್ ನೋಡದ ಬರದವರು ಬಾಗಲಾ ನೋಡಿ ಬರದೀರೇನು? ನಾನು ಹೊಳೀದಂಡಿ ಮ್ಯಾಗ ಇಪ್ಪತ್ತೈದ ವರ್ಷ ಹಗ್ಗ ಹಿಡದಾಕಿ. ಪಂಪ್ ಬಂದ್ ಐತಿ ಅಂತ ಮಾಲಕ ಬಾಯಿಲೆ ಹೇಳಿದ್ರ ನಾ ಗಂಡನ್ನ ನೀರಿಗೆ ಇಳಸಿ ಗೊತ್ತಿಲ್ಲ. ಫ್ಯೂಜ್ ನನ್ನ ಕೈಯಾಗ ಇರಬೇಕು. ನಿಮ್ಮ ಹೆಲಿಕಾಪ್ಟರ್ ಕಾರಿಗಿಂತ ಸೇಫ್ ಅಂತೀರಿ. ಇರಬಹುದು. ಆದ್ರ ಕೈಯಾಗ ಏನ ಕೊಟ್ರಿ ನಮಗ? ಶಾಲು!"

ಯಾರೋ ಹಿಂದಿನಿಂದ "ಬರೋಬರ್" ಎಂದರು. ಸಾಹೇಬ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಮಾವಶಿ, ಒಳಗೆ ಬನ್ನಿ, ಚಹಾ ಕುಡಿಯುತ್ತ ಮಾತಾಡೋಣ."

"ಚಾ ಸ್ಟೇಶನ್ನಿನ್ಯಾಗ ಕುಡದೀನಿ. ಇಲ್ಲೇ ಮಾತಾಡ್ರಿ."

"ಹಾಗಾದರೆ ಕೇಳಿ. ಪುಸ್ತಕದಿಂದ ಆ ಪುಟವನ್ನೇ ತೆಗೆದುಬಿಡುತ್ತೇವೆ. ಇನ್ನು ಮುಂದೆ ಯಾವ ತರಬೇತಿಯಲ್ಲೂ ಏಳನೇ ಸೀಟಿನ ಮಾತು ಬರುವುದಿಲ್ಲ. ಜಾಕೀಟು ಮಾತ್ರ ನಮಗೆ ಒಪ್ಪಿಸಿ, ಅದು ಕಂಪನಿಯ ಸ್ವತ್ತು."

ಭರತ ಉಸಿರುಬಿಟ್ಟ. ಅವನ ಲೆಕ್ಕದಲ್ಲಿ ಬಂದ ಕೆಲಸ ಆಗಿತ್ತು. "ಕಾಕೂ, ಹೂಂ ಅನ್ರಿ" ಎಂದು ಪಿಸುಗುಟ್ಟಿದ. ನಾಳೆ ಇದೇ ಕಂಪನಿಯ ಹೆಲಿಕಾಪ್ಟರ್ ಹತ್ತಬೇಕಾದವನು ಅವನು, ಅವನ ಅಂಜಿಕೆ ಅವನಿಗೆ. ಸಕ್ಕುಬಾಯಿ ಅವನ ಕಡೆ ನೋಡಲೇ ಇಲ್ಲ.

"ಪಾನ ಹರದ್ರ ಸುಳ್ಳು ಎಲ್ಲಿ ಹೋಗತೈತ್ರಿ? ಇಲ್ಲಿ ಕುಂತ ಇವರ ಹೊಟ್ಯಾಗ ಉಳಿಯತೈತಿ. ಏಳ ವರ್ಷ ಎಲ್ಲಾರ ಮುಂದ ಓದಿದ್ದು, ಈಗ ಗುಟ್ಟಾಗಿ ಹರೀತೀರಿ? ಹರೀಬ್ಯಾಡ್ರಿ. ಆ ಪಾನದ ಮ್ಯಾಲ ಗೀಟ ಹಾಕಿ ಹೊಡೀರಿ, ಹೊಡದದ್ದು ಎಲ್ಲಾರಿಗೂ ಕಾಣ್ಲಿ. ಕೆಳಗ ಬರೀರಿ, ನಾವು ನೋಡದ ಬರದಿದ್ವಿ ಅಂತ. ಮತ್ತ ಏಳನೇ ಸೀಟ್ ಅಂತ ಬರೀಬ್ಯಾಡ್ರಿ. ಅವಗ ಹೆಸರೈತಿ. ತಪ್ಪ ಹೊರಸೂವಾಗ ಹೆಸರ ಮುಚ್ಚಿಟ್ಟು ದೊಡ್ಡವರಾದ್ರಿ, ಈಗ ತಪ್ಪ ಇಳಸೂವಾಗಾದ್ರೂ ಹೆಸರ ಹೇಳ್ರಿ."

"ಅದು ನನ್ನ ಕೈಯಲ್ಲಿಲ್ಲ" ಎಂದ ಸಾಹೇಬ.

"ಹಂಗಾರ ಜಾಕೀಟೂ ನಿಮ್ಮ ಕೈಯಾಗ ಇಲ್ಲ."

ಅವಳು ಜಾಕೀಟನ್ನು ಮಡಿಚಿ ಎದೆಗೆ ಒತ್ತಿಕೊಂಡಳು. ಇಷ್ಟೆಲ್ಲ ಕೂಗಿದವಳು ಆಮೇಲೆ ಹೇಳಿದ್ದು ಮೆತ್ತಗೆ, ಸಾಹೇಬನಿಗಲ್ಲ, ಎರಡು ಸಾಲು ಮುಂದೆ ಬೆನ್ನು ತಿರುಗಿಸಿ ಕೂತಿದ್ದ ಶುಭಾಂಗಿಗೆ. "ತಂಗೀ, ನಾ ಅವನ ಕೈ ಹಿಡದ ನೋಡೀನಿ. ಬಲಗೈದು ಮೂರು ಉಗರು ಕಿತ್ತ ಹೋಗಿದ್ವು. ಮೈತುಂಬ ಗಾಳಿ ತುಂಬಿಕೊಂಡು ಮ್ಯಾಲ ತೇಲಿದವನ ಉಗರು ಯಾಕ ಕೀಳತಾವ? ಬಾಗಲಾ ತಗೀಲಿಲ್ಲ. ಅಂವ ಕಡೀತನಕ ಬಾಗಲಾ ಕಿತ್ತಾನ. ಅಂವಗಷ್ಟ ಅಲ್ಲ, ಹಿಂದ ಕುಂತ ನಿನ್ನ ಗಂಡಗೂ ಕಿತ್ತಾನ."

ಶುಭಾಂಗಿ ತಿರುಗಲಿಲ್ಲ. ತಲೆ ಬಗ್ಗಿಸಿ ಕೂತೇ ಇದ್ದಳು. ಕಾರ್ಯಕ್ರಮ ನಡೆಸುತ್ತಿದ್ದ ಹೆಣ್ಣುಮಗಳು ಗಡಿಬಿಡಿಯಲ್ಲಿ, ಈಗ ಶಾಲು ಹೊದಿಸುವ ಕಾರ್ಯಕ್ರಮ ಎಂದು ಮೈಕಿನಲ್ಲಿ ಹೇಳಿ ಮೊದಲ ಹೆಸರು ಕರೆದಳು. ಯಾರೂ ಏಳಲಿಲ್ಲ. ಎರಡನೇ ಹೆಸರು ಕರೆದಳು. ಆಗಲೂ ಯಾರೂ ಏಳಲಿಲ್ಲ. ಮೂರನೆಯದು ಶುಭಾಂಗಿಯ ಹೆಸರು. ಅವಳು ಎದ್ದಳು, ವೇದಿಕೆಗೆ ನಡೆದಳು, ಹೊದಿಸಲು ಬಿಚ್ಚಿದ ಶಾಲನ್ನು ಕೈಯಿಂದ ಸರಿಸಿ ಸಾಹೇಬನ ಮುಂದೆ ನಿಂತಳು.

"ನನ್ನ ಗಂಡನ ಜಾಕೀಟು ಯಾವುದು?"

ಸಾಹೇಬ ಕಡತದ ಹಾಳೆ ತಿರುವಿದ. "419. ತಪಾಸಣೆಯ ನಂತರ..." ಎಂದವನು ಮುಂದೆ ಓದದೆ ನಿಂತ.

"ಓದಬೇಡಿ" ಎಂದಳು ಶುಭಾಂಗಿ. "ಬಟ್ಟೆ ಸುಟ್ಟಿರಿ ಅಂತ ಇಟ್ಟುಕೊಳ್ಳೋಣ. ಬಾಗಿಲು ಲೋಹದ್ದು, ಅದನ್ನು ಸುಡಲು ಬರುವುದಿಲ್ಲ. ಅದು ಎಲ್ಲಿದೆ?"

ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಒಬ್ಬ ಮುದುಕ ಮಗನ ಸೀಟಿನ ನಂಬರ್ ಹೇಳಿದ, ಒಬ್ಬ ಹುಡುಗಿ ಅಪ್ಪನದು ಹೇಳಿದಳು. ಸಾಹೇಬ ಫೋನು ಕಿವಿಗಿಟ್ಟುಕೊಂಡು ಬಾಗಿಲ ಕಡೆ ಹೊರಟರೆ, ಆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತವನು ಭರತ. ಅವನು ಅಲ್ಲಿಗೆ ಯಾವಾಗ ಹೋದನೋ ಸಕ್ಕುಬಾಯಿ ನೋಡಿರಲಿಲ್ಲ.

ಶುಭಾಂಗಿ ವೇದಿಕೆಯಿಂದ ಇಳಿದು ಸಕ್ಕುಬಾಯಿಯ ಎದುರಿಗೆ ಬಂದಳು. ಕಣ್ಣು ಕೆಂಪಾಗಿದ್ದವು, ಕ್ಷಮೆ ಕೇಳುವ ಮಾತು ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ: "ಏಳು ವರ್ಷ ದಿನಾ ಬೈದಿದ್ದೇನೆ. ಹೆಸರೇ ಗೊತ್ತಿರಲಿಲ್ಲ. ಏನು ಅವನ ಹೆಸರು?"

"ವಿಕ್ರಾಂತ."

ಶುಭಾಂಗಿ ಸಾಹೇಬನ ಕಡೆ ತಿರುಗಿದಳು. "ವಿಕ್ರಾಂತ ಅಂತ ಬರೆದುಕೊಳ್ಳಿ" ಎಂದಳು. "ಬರೆದು, ಬಾಗಿಲು ತರಿಸಿ. ನಾವು ಇಲ್ಲೇ ಇರುತ್ತೇವೆ."